ಕರ್ನಾಟಕ ರಾಜ್ಯ ಸರ್ಕಾರಿ ನೌಕರನಿಗೆ ನಿವೃತ್ತಿಯಾದ ಮೇಲೆ ಏನೇನು ಸಿಗುತ್ತದೆ? ಆರೋಗ್ಯ ಯೋಜನೆ ಮುಂದುವರಿಯುತ್ತದೆಯೇ?

ನಿಮಗೆ 57 ವರ್ಷ, ಸೇವೆಗೆ ಸೇರಿದ್ದು 1996ರಲ್ಲಿ, ಗ್ರೂಪ್ ಸಿ ಹುದ್ದೆ, ಮನೆಯವರಿಗೆ ಶುಗರ್ ಇದೆ ಎಂದು ಬರೆದಿದ್ದೀರಿ. ಪಿಂಚಣಿ ಎಷ್ಟು ಬರುತ್ತದೆ ಎಂಬುದನ್ನು ಮೊದಲು ಕೇಳಿದ್ದೀರಿ, ಆರೋಗ್ಯದ ವಿಚಾರವನ್ನು ಕೊನೆಗೆ. ನನ್ನ ಪ್ರಕಾರ ಆತಂಕ ಇರಬೇಕಾದದ್ದು ಆ ಎರಡನೆಯದರ ಬಗ್ಗೆ, ಅದೂ ಈಗಲೇ, ಮೂರು ವರ್ಷ ಬಾಕಿ ಇರುವಾಗಲೇ.

ಪಿಂಚಣಿಯದು ನೇರ ಲೆಕ್ಕ. 1-4-2006ಕ್ಕಿಂತ ಮುಂಚೆ ಸೇರಿದವರಾದ್ದರಿಂದ ನೀವು ಹಳೇ ಪಿಂಚಣಿಯವರು. 30 ವರ್ಷದ ಅರ್ಹ ಸೇವೆ ಇದ್ದರೆ ಕೊನೆಯ ಮೂಲ ವೇತನದ ಅರ್ಧ ಪಿಂಚಣಿ. ಕೊನೆಯ ಮೂಲ ವೇತನ 72,000 ಎಂದಿಟ್ಟುಕೊಳ್ಳಿ: ಪಿಂಚಣಿ 36,000. ಅದರಲ್ಲಿ ಮೂರನೇ ಒಂದು ಭಾಗ, ಅಂದರೆ 12,000ವನ್ನು ಕಮ್ಯುಟೇಶನ್ ಮಾಡಿಸಿಕೊಂಡರೆ ಒಂದು ಇಡಿಗಂಟು ಕೈಗೆ ಬರುತ್ತದೆ, ತಿಂಗಳಿಗೆ 24,000 ಉಳಿಯುತ್ತದೆ. ಆದರೆ ತುಟ್ಟಿಭತ್ಯೆ ಲೆಕ್ಕ ಹಾಕುವುದು ಪೂರ್ತಿ 36,000ದ ಮೇಲೆಯೇ. ಕಡಿತವಾದ ಭಾಗ 15 ವರ್ಷದ ನಂತರ ಮರಳಿ ಸೇರುತ್ತದೆ. ಕುಟುಂಬ ಪಿಂಚಣಿ ಕೊನೆಯ ಮೂಲ ವೇತನದ ಶೇ. 30, ಇಲ್ಲಿ 21,600. ಕಮ್ಯುಟೇಶನ್ ಮಾಡಿಸಿದ್ದಕ್ಕೆ ಅದು ಕಡಿಮೆಯಾಗುವುದಿಲ್ಲ. ಹಾಗಾಗಿ ಕಮ್ಯುಟೇಶನ್ ಮಾಡಿಸುವುದೇ ಒಳ್ಳೆಯದು ಎನ್ನುವವನು ನಾನು. ನಿವೃತ್ತಿಯಾದ ಒಂದು ವರ್ಷದೊಳಗೆ ಕೇಳಿದರೆ ವೈದ್ಯಕೀಯ ಪರೀಕ್ಷೆಯೂ ಬೇಕಿಲ್ಲ.

ಇದರ ಜೊತೆಗೆ ಡಿಸಿಆರ್‌ಜಿ, ಅಂದರೆ ನಿವೃತ್ತಿ ಉಪದಾನ (ಗ್ರಾಚ್ಯುಟಿ): ಅರ್ಹ ಸೇವೆಯ ಪ್ರತಿ ಆರು ತಿಂಗಳಿಗೆ ಕಾಲು ತಿಂಗಳ ಸಂಬಳ, ಗರಿಷ್ಠ 16.5 ತಿಂಗಳು. ಗಳಿಕೆ ರಜೆ ನಗದೀಕರಣ ಗರಿಷ್ಠ 300 ದಿನ. ಜಿಪಿಎಫ್ (ಸಾಮಾನ್ಯ ಭವಿಷ್ಯ ನಿಧಿ), ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆಯ ಜೀವ ವಿಮೆ), ಸಮೂಹ ವಿಮೆಯ ಉಳಿತಾಯ ಬೇರೆ. ಕೆಜಿಐಡಿಯಲ್ಲಿ ಸಾಲ ಬಾಕಿಯಿದ್ದರೆ ಮುರಿದುಕೊಂಡೇ ಕೊಡುತ್ತಾರೆ. ಡಿಸಿಆರ್‌ಜಿ, ರಜೆ ನಗದು, ಕಮ್ಯುಟೇಶನ್ ಹಣ ಈ ಮೂರಕ್ಕೂ ಸರ್ಕಾರಿ ನೌಕರರಿಗೆ ಆದಾಯ ತೆರಿಗೆ ಇಲ್ಲ.

ದುಡ್ಡು ತಡವಾಗುವುದು ಲೆಕ್ಕದಿಂದಲ್ಲ, ಎಸ್‌ಆರ್ ಪುಸ್ತಕದಿಂದ. ಈ ವಾರವೇ ನಿಮ್ಮ ಸೇವಾ ಪುಸ್ತಕ ತೆಗೆಸಿ ಒಂದೊಂದು ಪುಟ ನೋಡಿ. ಪ್ರತಿ ವರ್ಷದ ಸೇವಾ ಪರಿಶೀಲನೆಯ ಷರಾ ಮತ್ತು ಅದರ ಕೆಳಗೆ ಅಧಿಕಾರಿಯ ಸಹಿ ಇದೆಯೇ? ವರ್ಗಾವಣೆಯಾದ ವರ್ಷಗಳಲ್ಲಿ ಇದು ಬಿಟ್ಟುಹೋಗುವುದು ಸಾಮಾನ್ಯ. ಹಳೆಯ ಕಚೇರಿಯಿಂದ ಅದನ್ನು ತರಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಸಾಧಾರಣ ರಜೆ, ಅಮಾನತು, ಗೈರುಹಾಜರಿ ಅವಧಿಗಳು ಸಕ್ರಮಗೊಂಡ ಆದೇಶ ನಮೂದಾಗಿದೆಯೇ? ಪುಸ್ತಕ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ನಾಲ್ಕರಲ್ಲೂ ನಿಮ್ಮ ಹೆಸರು, ಮನೆಯವರ ಹೆಸರು ಇನಿಷಿಯಲ್ ಸಮೇತ ಒಂದೇ ಥರ ಇವೆಯೇ? ಮುಂದೆ ಕುಟುಂಬ ಪಿಂಚಣಿಗೆ ಅಡ್ಡಿಯಾಗುವುದು ಇಂಥದ್ದೇ. ವೇತನ ನಿಗದಿಯಲ್ಲಿ ಹೆಚ್ಚುವರಿ ಪಾವತಿಯಾಗಿದೆ ಎಂದು ಕೊನೇ ಗಳಿಗೆಯಲ್ಲಿ ವಸೂಲಿಗೆ ಬಂದರೆ, 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪಂಜಾಬ್ ರಾಜ್ಯದ ಪ್ರಕರಣದಲ್ಲಿ ಕೊಟ್ಟ ತೀರ್ಪು ನೆನಪಿರಲಿ. ಗ್ರೂಪ್ ಸಿ ಮತ್ತು ಡಿ ನೌಕರರಿಂದ, ನಿವೃತ್ತರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಅಂಥ ವಸೂಲಿ ಸಲ್ಲದು ಎಂದು ಅದು ಹೇಳುತ್ತದೆ. ತಪ್ಪು ಮಾಹಿತಿ ಕೊಟ್ಟು ಪಡೆದ ಹಣಕ್ಕೆ ಈ ರಕ್ಷಣೆ ಇಲ್ಲ.

ಪಿಂಚಣಿ ಕಾಗದಪತ್ರ ನಿಮ್ಮ ಕಚೇರಿಯಿಂದ ಮಹಾಲೇಖಪಾಲರಿಗೆ (ಎಜಿ) ಹೋಗಿ, ಅಲ್ಲಿಂದ ಪಿಪಿಒ (ಪಿಂಚಣಿ ಪಾವತಿ ಆದೇಶ), ಉಪದಾನದ ಆದೇಶ, ಕಮ್ಯುಟೇಶನ್ ಆದೇಶ ಹೊರಟು ಖಜಾನೆಗೆ ಬರುತ್ತವೆ. ನಿವೃತ್ತಿಗೆ ಆರು ತಿಂಗಳು ಇರುವಾಗಲೇ ಎಜಿ ಕಚೇರಿಗೆ ತಲುಪಿರುವಂತೆ ನೋಡಿಕೊಳ್ಳಿ. ಇಲಾಖಾ ವಿಚಾರಣೆ ಬಾಕಿಯಿದ್ದರೆ ತಾತ್ಕಾಲಿಕ ಪಿಂಚಣಿ ಮಾತ್ರ ಬರುತ್ತದೆ, ಡಿಸಿಆರ್‌ಜಿ ನಿಂತುಬಿಡುತ್ತದೆ. ಇನ್ನೊಂದು: ಹುಟ್ಟಿದ ದಿನಾಂಕ ಯಾವುದೇ ತಿಂಗಳ 1 ಆಗಿದ್ದರೆ ನಿವೃತ್ತಿ ಹಿಂದಿನ ತಿಂಗಳ ಕೊನೆಯ ದಿನವೇ.

ಇನ್ನು ಆರೋಗ್ಯ. 1-10-2025ರಿಂದ ಜಾರಿಗೆ ಬಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆಯಲ್ಲಿ ಗ್ರೂಪ್ ಎ ನೌಕರರಿಗೆ ತಿಂಗಳಿಗೆ 1,000, ಬಿ 500, ಸಿ 350, ಡಿ 250 ರೂಪಾಯಿ ವಂತಿಕೆ. ಇದು ರೂಪುಗೊಂಡಿದ್ದು ಸೇವೆಯಲ್ಲಿರುವವರಿಗೆ ಮತ್ತು ಅವರ ಅವಲಂಬಿತರಿಗೆ. ಅದಕ್ಕೆ ಮುಂಚಿನ ಜ್ಯೋತಿ ಸಂಜೀವಿನಿಯೂ ಹಾಗೆಯೇ ಇತ್ತು. 1963ರ ವೈದ್ಯಕೀಯ ಹಾಜರಾತಿ ನಿಯಮಗಳ ಮರುಪಾವತಿಯೂ ಸೇವೆಯ ಜೊತೆಗೇ ಮುಗಿಯುತ್ತದೆ. ನಿವೃತ್ತರಿಗೆ ಪ್ರತ್ಯೇಕ ಯೋಜನೆ ಬರುತ್ತದೆಂಬ ಮಾತು ವರ್ಷಗಳಿಂದ ಇದೆ. ಸರ್ಕಾರಿ ಆದೇಶ ಹೊರಟು ಕಾರ್ಡ್ ಕೈಗೆ ಬರುವ ತನಕ ಅದನ್ನು ನಂಬಿ ಕೂರಬೇಡಿ.

ಆದ್ದರಿಂದ ನಿಮಗೂ ಮನೆಯವರಿಗೂ ಸ್ವಂತ ಆರೋಗ್ಯ ವಿಮೆ ಈಗಲೇ ಮಾಡಿಸಿ. ಸಂಜೀವಿನಿ ಇರುವಾಗ ಇದೇಕೆ ದಂಡ ಎನಿಸಬಹುದು. ಮೊದಲೇ ಇರುವ ಕಾಯಿಲೆಗೆ ವಿಮಾ ಕಂಪನಿ ಗರಿಷ್ಠ ಮೂರು ವರ್ಷ ಕಾಯಿಸಬಹುದು. ಕಣ್ಣಿನ ಪೊರೆ, ಮೊಣಕಾಲು ಚಿಪ್ಪು ಬದಲಾವಣೆ, ಹರ್ನಿಯಾದಂಥವಕ್ಕೂ ಸಾಮಾನ್ಯವಾಗಿ ಎರಡು ವರ್ಷದಷ್ಟು ಕಾಯಬೇಕು. 57ಕ್ಕೆ ಶುರುಮಾಡಿದರೆ ಸಂಜೀವಿನಿ ನಿಲ್ಲುವ ಹೊತ್ತಿಗೆ ಈ ಕಾಯುವ ಅವಧಿ ಮುಗಿದಿರುತ್ತದೆ. 60ಕ್ಕೆ ಶುರುಮಾಡಿದರೆ 63ರ ತನಕ ಅವರ ಶುಗರ್‌ಗೆ ಸಂಬಂಧಿಸಿದ ಯಾವ ಬಿಲ್ಲೂ ನಿಮ್ಮ ಪಿಂಚಣಿಯಿಂದಲೇ ಹೋಗಬೇಕು.

ಅರ್ಜಿಯಲ್ಲಿ ಶುಗರ್, ಬಿಪಿ, ಹಳೇ ಆಪರೇಷನ್, ನುಂಗುವ ಮಾತ್ರೆ ಎಲ್ಲವನ್ನೂ ಬರೆಯಿರಿ. ಏಜೆಂಟರು ‘ಬೇಡ ಬಿಡಿ ಸಾರ್’ ಎಂದರೂ ಬರೆಯಿರಿ. ಮುಚ್ಚಿಟ್ಟದ್ದು ಸಿಕ್ಕರೆ ಮೊದಲ ಐದು ವರ್ಷ ಕ್ಲೇಮ್ ತಳ್ಳಿಹಾಕಲು ಕಂಪನಿಗೆ ಅದೇ ಸಾಕು.

ಕೊಠಡಿ ಬಾಡಿಗೆಯ ಮಿತಿ ಇಲ್ಲದ ಪಾಲಿಸಿ ನೋಡಿ. ದಿನಕ್ಕೆ 5,000 ಮಿತಿ ಇದ್ದು 10,000ದ ಕೊಠಡಿ ಹಿಡಿದರೆ ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕವೂ ಅರ್ಧಕ್ಕೆ ಇಳಿಯುತ್ತವೆ. ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಜನ ಕಂಗಾಲಾಗುವುದು ಇದರಿಂದಲೇ. ಹಿರಿಯರ ಪಾಲಿಸಿಗಳಲ್ಲಿ ಸಹಪಾವತಿ ಷರತ್ತು ಇರುತ್ತದೆ. ಶೇ. 20 ಎಂದಿದ್ದರೆ 4 ಲಕ್ಷದ ಬಿಲ್ಲಿಗೆ 80,000 ನಿಮ್ಮದು. ಪ್ರೀಮಿಯಂ ಭಾರವಾದರೆ 5 ಲಕ್ಷದ ಮೂಲ ಪಾಲಿಸಿ, ಅದರ ಮೇಲೆ 5 ಲಕ್ಷ ದಾಟಿದ ವೆಚ್ಚಕ್ಕೆ ಸೂಪರ್ ಟಾಪ್ ಅಪ್ ತೆಗೆದುಕೊಳ್ಳಿ. ವೈಯಕ್ತಿಕ ಆರೋಗ್ಯ ವಿಮೆಗೆ 22-9-2025ರಿಂದ ಜಿಎಸ್‌ಟಿ ಇಲ್ಲ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ವಿಮಾ ನಿಯಂತ್ರಣ ಪ್ರಾಧಿಕಾರವನ್ನು ಕೇಳಬೇಕು.

ಮುಂದೂಡಿಕೊಂಡು ಬಂದ ಶಸ್ತ್ರಚಿಕಿತ್ಸೆ ಏನಾದರೂ ಇದ್ದರೆ ಸೇವೆಯಲ್ಲಿರುವಾಗಲೇ ಸಂಜೀವಿನಿಯಲ್ಲಿ ಮಾಡಿಸಿ ಮುಗಿಸಿ. ವಿಮೆ ಸಿಗದಷ್ಟು ಕಾಯಿಲೆ ಇದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ ಸರ್ಕಾರ ಕೊಡುತ್ತದೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ ಖಾಸಗಿಯವಕ್ಕಿಂತ ಎಷ್ಟೋ ಅಗ್ಗ.

ಇದನ್ನು ಓದುವ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ನೌಕರರಿಗೆ ಒಂದು ಮಾತು: ಕೂಡಿದ ಹಣದಲ್ಲಿ ಶೇ. 60ರವರೆಗೆ ಕೈಗೆ ತೆಗೆದುಕೊಂಡು ಉಳಿದ ಕನಿಷ್ಠ ಶೇ. 40ರಲ್ಲಿ ವರ್ಷಾಶನ ಕೊಳ್ಳಬೇಕು, ಅದಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ. ಹೀಗಾಗಿ ನಿಮಗೆ ಸ್ವಂತ ಆರೋಗ್ಯ ವಿಮೆ ಇನ್ನೂ ಅಗತ್ಯ.

ಪಿಪಿಒ ಬಂದ ಮೇಲೆ ಅದರ ಪ್ರತಿ, ವಿಮಾ ಪಾಲಿಸಿಯ ಪ್ರತಿ, ಎರಡರ ಸಂಖ್ಯೆಯನ್ನೂ ಮನೆಯವರ ಕೈಗೆ ಕೊಟ್ಟು ತೋರಿಸಿಡಿ. ಪ್ರತಿ ನವೆಂಬರ್‌ನಲ್ಲಿ ಜೀವಂತ ಪ್ರಮಾಣ ಪತ್ರ ಕೊಡಬೇಕು, ಇಲ್ಲವಾದರೆ ಪಿಂಚಣಿ ನಿಲ್ಲುತ್ತದೆ. ಬೆರಳಚ್ಚು ಹಿಡಿಯದಿದ್ದರೆ ಜೀವನ್ ಪ್ರಮಾಣ್‌ನಲ್ಲಿ ಮುಖ ತೋರಿಸಿ ಮೊಬೈಲಿನಿಂದಲೂ ಮಾಡಬಹುದು.