ರಾತ್ರಿ ಒಂದೂವರೆಗೆ ಜಾಹೀರಾತು ತಿದ್ದುವವರು

ಮೊದಲ ಭೇಟಿಯಲ್ಲಿ ಅವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಇಟ್ಟರು. ಇಪ್ಪತ್ತು ನಿಮಿಷದಲ್ಲಿ ಏಳು ಸಲ ಎತ್ತಿ ನೋಡಿದರು. ಬೇಕೆಂದು ಎಣಿಸಿದ್ದಲ್ಲ, ಎಣಿಕೆ ತಾನಾಗಿ ಆಗಿಬಿಟ್ಟಿತು. ಪ್ರತಿ ಸಲವೂ ಹೆಬ್ಬೆರಳಲ್ಲಿ ಪರದೆಯನ್ನು ಕೆಳಕ್ಕೆ ಎಳೆಯುವುದು, ಚಕ್ರ ತಿರುಗಿ ನಿಲ್ಲುವವರೆಗೆ ಕಾಯುವುದು, ಮತ್ತೆ ಬೋರಲು ಹಾಕುವುದು. ಈ ಮಧ್ಯೆ ಮಾತು ಮಾತ್ರ ನಿಲ್ಲಲಿಲ್ಲ.

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ವಯಸ್ಸು ನಲವತ್ತರ ಆಸುಪಾಸು. ತಮ್ಮನ ಜೊತೆ ಸೇರಿ ಕೈಯಲ್ಲಿ ಹೊಲಿದ ಬ್ಯಾಗುಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ತಮ್ಮನದು ಹೊಲಿಗೆ, ಅಕ್ಕನದು ಮಾರಾಟ. ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ರಾತ್ರಿ ಒಂದೂವರೆಗೆ ಎಚ್ಚರವಾಗುತ್ತದೆ, ಫೋನ್ ಕೈಗೆ ಬರುತ್ತದೆ, ಅಲ್ಲಿಂದ ಬೆಳಗಿನವರೆಗೆ ಅದೇ. "ಅಕ್ಕಾ, ಬ್ಯಾಗ್ ನಾನು ಹೊಲೀತೀನಿ, ನೀನು ಫೋನ್ ಹೊಲೀತಾ ಇದ್ದೀಯಾ" ಎಂದು ತಮ್ಮ ಹೇಳಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರಂತೆ. ಅದನ್ನು ಹೇಳುವಾಗ ಅತ್ತರು.

"ರಾತ್ರಿ ಎದ್ದು ಏನು ಮಾಡ್ತೀರಿ?" ಎಂದು ಕೇಳಿದೆ.

"ಜಾಹೀರಾತು ಸರಿ ಮಾಡ್ತೀನಿ ಮೇಡಂ. ಸುಮ್ನೆ ನೋಡ್ತಾ ಕೂರೋಕಾಗಲ್ಲ."

ಇಲ್ಲಿ ನನ್ನ ಬಗ್ಗೆ ಒಂದು ಮಾತು. ಈ ಕೆಲಸಕ್ಕೆ ಬರುವ ಮೊದಲು ಕೆಲವು ವರ್ಷ ಜಾಹೀರಾತಿನ ಕಂಪನಿಯೊಂದರಲ್ಲಿದ್ದೆ. ಬಂದವರ ವ್ಯಾಪಾರಕ್ಕೆ ಆಪ್ತಸಲಹೆಗಾರರು ಕೈಹಾಕಬಾರದು ಎಂದು ನಮಗೆ ಹೇಳಿಕೊಡುತ್ತಾರೆ. ಸರಿಯಾದ ಮಾತೇ. ಆದರೆ ಈ ಪ್ರಕರಣದಲ್ಲಿ ಮನಸ್ಸಿನ ಗಂಟು ಎಲ್ಲಿ, ವ್ಯಾಪಾರದ ಗಂಟು ಎಲ್ಲಿ ಎಂದು ಬಿಡಿಸುವುದೇ ಕಷ್ಟವಾಗಿತ್ತು. ಎರಡನೇ ಭೇಟಿಗೆ ಲ್ಯಾಪ್‌ಟಾಪ್ ತನ್ನಿ ಎಂದೆ.

ತಂದರು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತುಗಳ ಪುಟ ತೆರೆದು, ಯಾವಾಗ ಏನು ಬದಲಾಯಿಸಿದರು ಎಂಬ ದಾಖಲೆ ನೋಡಿದೆವು. ಒಂದೇ ಹದಿನೈದು ದಿನದಲ್ಲಿ ಒಂಬತ್ತು ಬೇರೆ ಬೇರೆ ಜಾಹೀರಾತು ಗುಂಪುಗಳು, ಒಂದೊಂದಕ್ಕೂ ಅದರದೇ ನೋಡುಗರು, ಅದರದೇ ಬಜೆಟ್. ಸುಮಾರು ಪ್ರತಿ ರಾತ್ರಿ ಒಂದರಿಂದ ಮೂರರ ನಡುವೆ ಏನೋ ಒಂದು ತಿದ್ದುಪಡಿ. ನೋಡುಗರ ವಯಸ್ಸು ಬದಲಿಸಿದ್ದು, ಚಿತ್ರ ಬದಲಿಸಿದ್ದು, ಬಜೆಟ್ ಇಳಿಸಿದ್ದು, ಬೆಳಗ್ಗೆ ಮತ್ತೆ ಏರಿಸಿದ್ದು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರ ಒಡೆತನವೂ ಇರುವ ಮೆಟಾ ಕಂಪನಿಯ ಜಾಹೀರಾತು ವ್ಯವಸ್ಥೆಗೆ ಒಂದು ಕಲಿಕೆಯ ಹಂತ ಇರುತ್ತದೆ. ಯಾರಿಗೆ ತೋರಿಸಿದರೆ ಕೊಳ್ಳುತ್ತಾರೆ ಎಂದು ಅದು ಮೊದಲ ಕೆಲವು ದಿನ ತಡಕಾಡುತ್ತದೆ. ಒಂದು ಗುಂಪಿಗೆ ವಾರದಲ್ಲಿ ಸುಮಾರು 50 ಫಲಿತಾಂಶ, ಇವರ ಲೆಕ್ಕದಲ್ಲಿ ಮಾರಾಟ, ಸಿಕ್ಕರೆ ಈ ಹಂತ ಮುಗಿಯುತ್ತದೆ ಎಂದು ಕಂಪನಿಯೇ ಹೇಳುತ್ತದೆ. ನಡುವೆ ದೊಡ್ಡ ಬದಲಾವಣೆ ಮಾಡಿದರೆ ಕಲಿಕೆ ಮತ್ತೆ ಮೊದಲಿನಿಂದ ಶುರು. ಇವರಿಗೆ ಇಡೀ ತಿಂಗಳಿಗೇ ನಲವತ್ತು ಆರ್ಡರ್. ಅದನ್ನು ಒಂಬತ್ತು ಪಾಲು ಮಾಡಿ, ದಿನಾ ರಾತ್ರಿ ಅಲುಗಾಡಿಸುತ್ತಿದ್ದರು. ಬೀಜ ಮೊಳಕೆ ಬಂತಾ ಎಂದು ದಿನಾ ಕೆದಕಿ ನೋಡಿದ ಹಾಗೆ.

ಇದನ್ನು ಹೇಳಿದಾಗ ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಕೆಡಿಸ್ತಾ ಇದ್ದದ್ದು ನಾನೇನಾ?" ಎಂದರು.

ಈ ಪ್ರಶ್ನೆಗೆ ತಕ್ಷಣ "ಛೆ, ಇಲ್ಲ" ಎಂದು ಸಮಾಧಾನ ಹೇಳುವುದು ಸುಲಭ. ನಾನು ಹೇಳಲಿಲ್ಲ. ಆತಂಕ ಬಂದಾಗ ಕೈಗೆ ಏನಾದರೂ ಕೆಲಸ ಬೇಕಾಗುತ್ತದೆ. ಈ ಪುಟಗಳಲ್ಲಿ ಒತ್ತಲು ಗುಂಡಿಗಳು ಬೇಕಾದಷ್ಟಿವೆ. ಒತ್ತಿದ ತಕ್ಷಣ ಐದು ನಿಮಿಷ ಎದೆ ಹಗುರ. ಆ ಐದು ನಿಮಿಷಕ್ಕಾಗಿ ತಿದ್ದುತ್ತಿದ್ದರೇ ಹೊರತು ಬ್ಯಾಗು ಮಾರುವುದಕ್ಕಲ್ಲ. ಇಷ್ಟನ್ನು ಹೇಳಿದೆ. ಅವರು ಒಪ್ಪಿದರು, ಒಪ್ಪಲು ಇಷ್ಟವಿಲ್ಲದ ಮುಖದಲ್ಲಿ.

ಎಲ್ಲ ಶುರುವಾದ ರಾತ್ರಿಯ ಕಥೆ ಆಗ ಹೊರಬಂತು. ಗೂಗಲ್‌ನಲ್ಲೂ ಜಾಹೀರಾತಿಗೆ ದಿನಕ್ಕೆ ಇಷ್ಟು ಎಂದು ಬಜೆಟ್ ಇಟ್ಟಿದ್ದರು. ಒಂದು ದಿನ ಅದರ ದುಪ್ಪಟ್ಟು ಖರ್ಚಾಗಿತ್ತು. ಯಾರೋ ಖಾತೆಗೆ ಕನ್ನ ಹಾಕಿದ್ದಾರೆ ಎಂದುಕೊಂಡು ಬೆಳಗಿನವರೆಗೆ ಪಾಸ್‌ವರ್ಡ್‌ಗಳನ್ನು ಬದಲಿಸುತ್ತಾ ಕೂತಿದ್ದರಂತೆ. ಕಳ್ಳತನ ಏನೂ ಆಗಿರಲಿಲ್ಲ. ಹುಡುಕುವವರು ಜಾಸ್ತಿ ಇರುವ ದಿನ ಗೂಗಲ್ ದಿನದ ಬಜೆಟ್ಟಿನ ಎರಡು ಪಟ್ಟಿನವರೆಗೂ ಖರ್ಚು ಮಾಡಬಹುದು. ಬೇರೆ ದಿನ ಕಡಿಮೆ ಮಾಡಿ, ತಿಂಗಳ ಲೆಕ್ಕದಲ್ಲಿ ದಿನದ ಬಜೆಟ್ಟಿನ 30.4 ಪಟ್ಟು ಮೀರದ ಹಾಗೆ ಸರಿದೂಗಿಸುತ್ತದೆ. ಅವರಿಗೆ ಗೂಗಲ್ ಜಾಹೀರಾತಿನ ಖಾತೆ ಮಾಡಿಕೊಟ್ಟವರು ಇದನ್ನು ಒಂದು ಸಾಲಿನಲ್ಲಿ ಹೇಳಿದ್ದರೆ ಸಾಕಿತ್ತು. ಹೇಳಿರಲಿಲ್ಲ. ಅದೇ ಜನ 'ಹುಡುಕಾಟದಲ್ಲಿ ಮೊದಲ ಸ್ಥಾನ ಗ್ಯಾರಂಟಿ' ಎಂದೂ ಮಾತು ಕೊಟ್ಟಿದ್ದರು. ಅಂಥ ಗ್ಯಾರಂಟಿ ಯಾರೂ ಕೊಡಲು ಸಾಧ್ಯವಿಲ್ಲ ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಬರೆದಿದೆ. ನನಗೆ ಸಿಟ್ಟು ಬಂತು, ತೋರಿಸಿಕೊಳ್ಳಲಿಲ್ಲ.

ನಂತರ ಜನ ನಿಜವಾಗಿ ಏನೇನು ಟೈಪ್ ಮಾಡಿ ಇವರ ಜಾಹೀರಾತು ಒತ್ತಿದ್ದಾರೆ ಎಂಬ ಪಟ್ಟಿ ತೆಗೆಸಿದೆ. ಅವರು ಅದನ್ನು ಒಂದು ದಿನವೂ ನೋಡಿರಲಿಲ್ಲ. ಗಟ್ಟಿಯಾಗಿ ಓದಿ ಎಂದೆ. 'ಬ್ಯಾಗ್ ಜಿಪ್ ರಿಪೇರಿ'. 'ಬ್ಯಾಗ್ ಹೊಲಿಯುವುದು ಹೇಗೆ'. 'ಬ್ಯಾಗ್ ಪ್ಯಾಟರ್ನ್ ಉಚಿತ'. 'ಬ್ಯಾಗ್ ಕಂಪನಿಯಲ್ಲಿ ಕೆಲಸ'. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನಗು ಬಂತು ಅವರಿಗೆ. ನನ್ನೆದುರು ಮೊದಲ ಸಲ ನಕ್ಕಿದ್ದು. ಹೀಗೆ ಒಂದೊಂದು ಸಲ ಒತ್ತಿದ್ದಕ್ಕೂ ಇವರು ದುಡ್ಡು ಕೊಟ್ಟಿದ್ದರು. ರಿಪೇರಿ, ಉಚಿತ, ಹೇಗೆ, ಕೆಲಸ ಎಂಬ ಪದಗಳಿಗೆ ಜಾಹೀರಾತು ತೋರಿಸಬೇಡ ಎಂದು ಅಲ್ಲೇ ಸೇರಿಸಿದರು. ಹತ್ತು ನಿಮಿಷದ ಕೆಲಸ, ಅದೂ ಹಗಲಿನಲ್ಲಿ.

ಇನ್ನು ಲೈಕುಗಳ ವಿಷಯ. ಪೋಸ್ಟಿಗೆ ಲೈಕ್ ಕಡಿಮೆ ಬಂದ ದಿನ 'ನಾನು ಯಾರಿಗೂ ಬೇಡ' ಎನಿಸುತ್ತದೆ ಎಂದರು. ಬ್ಯಾಗು ಯಾರಿಗೂ ಬೇಡ ಅಂತಲ್ಲ, ನಾನು. ಈ ಜಾರುವಿಕೆಯನ್ನು ಹಲವು ಸಣ್ಣ ವ್ಯಾಪಾರಿಗಳಲ್ಲಿ ನೋಡಿದ್ದೇನೆ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್‌ನಲ್ಲಿ ಗೆಳೆಯರು, ಮನೆಯವರ ಪೋಸ್ಟುಗಳಿಗೆ ಮೊದಲ ಮಣೆ, ವ್ಯಾಪಾರದ ಪುಟಗಳಿಗೆ ಆಮೇಲೆ ಎಂದು ಬಹಿರಂಗವಾಗಿಯೇ ಹೇಳಿತು. ಅಂದರೆ ನಮ್ಮ ಪುಟವನ್ನು ಮೆಚ್ಚಿದವರಲ್ಲೂ ಎಷ್ಟೋ ಜನರಿಗೆ ನಮ್ಮ ಪೋಸ್ಟು ಕಣ್ಣಿಗೇ ಬೀಳುವುದಿಲ್ಲ. ನೋಡದವರು ತಿರಸ್ಕರಿಸಿದರು ಎಂದು ಕೊರಗಿದರೆ ಹೇಗೆ? ಅದಲ್ಲದೆ, ಹುಡುಕಿಕೊಂಡು ಬಂದವರಿಗೆ ಬ್ಯಾಗು ಆಗಲೇ ಬೇಕಾಗಿರುತ್ತದೆ. ಫೀಡ್ ನೋಡುತ್ತಿದ್ದವರು ಯಾರದೋ ಮಗುವಿನ ಫೋಟೋ ನೋಡುತ್ತಿದ್ದವರು, ನಡುವೆ ನಾವು ಅಡ್ಡ ಬಂದಿದ್ದೇವೆ. ಇಬ್ಬರಿಂದಲೂ ಒಂದೇ ಉತ್ತರ ಬಯಸಬಾರದು ಅಲ್ವಾ.

ಕೊನೆಗೆ ನಾವು ಒಪ್ಪಿಕೊಂಡದ್ದು ಇಷ್ಟು. ಒಂಬತ್ತು ಗುಂಪುಗಳನ್ನು ಒಂದು ಮಾಡುವುದು. ವಾರಕ್ಕೆ 50 ಮಾರಾಟ ಆಗುವ ಮಾತಿಲ್ಲ. ಆದ್ದರಿಂದ, ಅದಕ್ಕಿಂತ ಹೆಚ್ಚು ಸಲ ಆಗುವ, ಬ್ಯಾಗನ್ನು ಕಾರ್ಟಿಗೆ ಹಾಕುವುದನ್ನೇ ಜಾಹೀರಾತಿಗೆ ಗುರಿಯಾಗಿ ಕೊಟ್ಟು, ಎರಡು ವಾರ ಮುಟ್ಟದೆ ಬಿಡುವುದು. ಅಂಕಿ ನೋಡುವುದು ಸೋಮವಾರ, ಗುರುವಾರ ಬೆಳಗ್ಗೆ ಹತ್ತಕ್ಕೆ, ತಮ್ಮನ ಪಕ್ಕ ಕೂತು. ರಾತ್ರಿ ಎಚ್ಚರವಾದರೆ ಮಾಡಬೇಕೆನಿಸಿದ ತಿದ್ದುಪಡಿಯನ್ನು ಚೀಟಿಯಲ್ಲಿ ಬರೆದಿಡುವುದು, ಫೋನ್ ಬೇರೆ ಕೋಣೆಯಲ್ಲಿ. ಮತ್ತೆ, ಕೊಂಡ ಪ್ರತಿಯೊಬ್ಬರನ್ನೂ 'ನಮ್ಮ ಬಗ್ಗೆ ಎಲ್ಲಿ ಗೊತ್ತಾಯ್ತು?' ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುವುದು.

ಈ ನೋಟ್‌ಬುಕ್ಕಿಗೆ ಕಾರಣವಿತ್ತು. ಹಿಂದಿನ ತಿಂಗಳ ನಲವತ್ತು ಆರ್ಡರುಗಳಲ್ಲಿ 26 ನನ್ನಿಂದ ಎಂದು ಗೂಗಲ್ ಹೇಳಿತ್ತು, 31 ನನ್ನಿಂದ ಎಂದು ಮೆಟಾ. ಕೂಡಿದರೆ 57! ಒಬ್ಬರೇ ಎರಡೂ ಕಡೆ ಜಾಹೀರಾತು ಕಂಡಿದ್ದರೆ ಇಬ್ಬರೂ ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳುತ್ತಾರೆ. ಮೇಲಾಗಿ 2021ರ ಏಪ್ರಿಲ್‌ನಿಂದ ಐಫೋನ್‌ನಲ್ಲಿ ಆ್ಯಪ್‌ಗಳು ನಮ್ಮ ಜಾಡು ಹಿಡಿಯಲು ಅನುಮತಿ ಕೇಳಬೇಕು. ಬೇಡ ಎಂದವರ ಜಾಡು ಪೂರ್ತಿ ಸಿಗುವುದಿಲ್ಲ, ಹಾಗಾಗಿ ಇಂಥ ಅಂಕಿಗಳಲ್ಲಿ ಒಂದು ಪಾಲು ಬರೀ ಅಂದಾಜು. ಅದನ್ನು ನಂಬಿ ನಿದ್ದೆ ಕಳೆದುಕೊಳ್ಳುತ್ತಿದ್ದರು.

ಮೊದಲ ವಾರ ಚೀಟಿಗಳು ಹನ್ನೊಂದು ಬಂದವು. ಬೆಳಗ್ಗೆ ಓದಿದಾಗ ಮಾಡಲೇಬೇಕು ಎನಿಸಿದ್ದು ಒಂದು. ಒಂದು ರಾತ್ರಿ ತಡೆಯಲಾಗದೆ ಎದ್ದುಹೋಗಿ ಬಜೆಟ್ ಇಳಿಸಿದರಂತೆ. ಅದನ್ನು ಅವರೇ ಹೇಳಿದರು. ನಾನೇನೂ ಅನ್ನಲಿಲ್ಲ. ನೋಟ್‌ಬುಕ್ಕಿನಲ್ಲಿ ಹೆಚ್ಚು ಸಲ ಬಂದ ಉತ್ತರ 'ಗೆಳತಿಯ ಕೈಯಲ್ಲಿ ನೋಡಿದೆ' ಎಂಬುದು. ಅದನ್ನು ಯಾವ ಪರದೆಯೂ ತೋರಿಸಿರಲಿಲ್ಲ. ಮಾರಾಟ ಏರಿತೇ ಎಂದರೆ, ದೊಡ್ಡದಾಗಿ ಏನೂ ಇಲ್ಲ. ಖರ್ಚು ಇಳಿಯಿತು. ನಿದ್ದೆ ಈಗ ನಾಲ್ಕೂವರೆವರೆಗೆ ಬರುತ್ತದೆ.

ಆರನೇ ಭೇಟಿಗೆ ಹೊಸ ಬ್ಯಾಗು ಹಿಡಿದು ಬಂದರು. ಒಳಗೆ ಫೋನಿಗೆಂದೇ ಒಂದು ಜೇಬನ್ನು ತಮ್ಮ ಹೊಲಿದುಕೊಟ್ಟಿದ್ದ. ಗುಂಡಿ ಎಷ್ಟು ಬಿಗಿ ಎಂದರೆ ಬಿಚ್ಚಲು ಎರಡೂ ಕೈ ಬೇಕು. ಆ ಗಂಟೆಯಲ್ಲಿ ಒಂದು ಸಲ ಬಿಚ್ಚಿದರು. ಟೈಮ್ ನೋಡೋಕೆ ಎಂದರು. ಗೋಡೆಯ ಗಡಿಯಾರ ಅವರ ಎದುರಿಗೇ ಇತ್ತು.