ರಕ್ತ ಎಲ್ಲಿಗೆ ಹೋಗುತ್ತದೆ?

ಓದುಗರೊಬ್ಬರ ಪತ್ರದ ಸಾರ: “ರಕ್ತ ಸುರಿಯದೆ ಪಾಪಕ್ಷಮೆ ಇಲ್ಲ ಎಂದು ಬೈಬಲಿನಲ್ಲಿದೆ. ಹಾಗಾದರೆ ಆ ದೇವರು ರಕ್ತ ಕೇಳುವ ದೇವರೇ? ದೇವಾಲಯವೂ ಬಲಿಯೂ ಇಲ್ಲದ ಇಂದಿನ ಯೆಹೂದ್ಯರಿಗೆ ಕ್ಷಮೆ ಎಲ್ಲಿಂದ?”

ಸಂಪಾದಕರ ಉತ್ತರ:

ಮಾನ್ಯರೇ,

ನೀವು ಹೇಳುವ ವಾಕ್ಯ ಹೊಸ ಒಡಂಬಡಿಕೆಯ ಇಬ್ರಿಯರಿಗೆ 9:22. ಪ್ರಸಂಗಗಳಲ್ಲಿ ಅದರ ಉತ್ತರಾರ್ಧವಷ್ಟೇ ಕಿವಿಗೆ ಬೀಳುತ್ತದೆ. ಪೂರ್ವಾರ್ಧದಲ್ಲಿ ಲೇಖಕ ಧರ್ಮಶಾಸ್ತ್ರದ ಪ್ರಕಾರ ‘ಬಹುಮಟ್ಟಿಗೆ’ ಎಲ್ಲವೂ ರಕ್ತದಿಂದ ಶುದ್ಧವಾಗುತ್ತದೆ ಎನ್ನುತ್ತಾನೆ. ಆ ‘ಬಹುಮಟ್ಟಿಗೆ’ಯನ್ನು ಅವನು ಸುಮ್ಮನೆ ಹಾಕಿಲ್ಲ. ಹಳೆಯ ಒಡಂಬಡಿಕೆಯ ಯಾಜಕಕಾಂಡದ 5ನೆಯ ಅಧ್ಯಾಯ ತೆರೆದು ನೋಡಿ. ತಪ್ಪು ಮಾಡಿದವನು ಹೆಣ್ಣು ಕುರಿಯನ್ನೋ ಆಡನ್ನೋ ತರಬೇಕು. ಅಷ್ಟು ಶಕ್ತಿ ಇಲ್ಲದವನಿಗೆ ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ ಸಾಕು. ಅದಕ್ಕೂ ಗತಿಯಿಲ್ಲದವನು ಏಫಾದ ಹತ್ತನೆಯ ಒಂದು ಪಾಲು, ಅಂದರೆ ಸುಮಾರು ಎರಡು ಲೀಟರಿನಷ್ಟು ಗೋಧಿಹಿಟ್ಟು ತಂದರಾಯಿತು. ಎಣ್ಣೆ ಹಾಕುವಂತಿಲ್ಲ, ಧೂಪ ಇಡುವಂತಿಲ್ಲ. ಯಾಜಕ ಅದರಲ್ಲಿ ಒಂದು ಹಿಡಿಯನ್ನು ವೇದಿಯ ಮೇಲೆ ಸುಡುತ್ತಾನೆ, ಮಿಕ್ಕದ್ದು ಅವನ ಪಾಲು. ಹನಿ ರಕ್ತವಿಲ್ಲ, ಆದರೂ ಅವನಿಗೆ ಕ್ಷಮೆಯಾಗುತ್ತದೆ ಎಂದೇ ಪಠ್ಯ ಹೇಳುತ್ತದೆ. (ನಮ್ಮ ಕಡೆಯ ಪಿಷ್ಟಪಶು ನಿಮಗೆ ನೆನಪಾಗಬಹುದು. ಇದು ಅದಲ್ಲ. ಇಲ್ಲಿ ಹಿಟ್ಟಿಗೆ ಪ್ರಾಣಿಯ ಆಕಾರ ಕೊಡುವುದಿಲ್ಲ, ಹಿಟ್ಟು ಹಿಟ್ಟಾಗಿಯೇ ಬೆಂಕಿಗೆ ಹೋಗುತ್ತದೆ.)

ಗೊಂದಲ ಹುಟ್ಟುವುದರಲ್ಲಿ ಅನುವಾದದ ಪಾಲೂ ಇದೆ. ಪ್ರಾಯಶ್ಚಿತ್ತ ಎಂದಕೂಡಲೇ ನಮಗೆ ತಪ್ಪು ಮಾಡಿದವನು ತನ್ನ ಮೇಲೆ ಹೊತ್ತುಕೊಳ್ಳುವ ವ್ರತ, ಉಪವಾಸ, ದಾನಗಳು ಕಣ್ಣಮುಂದೆ ಬರುತ್ತವೆ. ಹೀಬ್ರೂವಿನ ‘ಕಿಪ್ಪೆರ್’ ಎಂಬ ಕ್ರಿಯಾಪದದ ಕರ್ತೃ ಸಾಮಾನ್ಯವಾಗಿ ಯಾಜಕ, ಅದನ್ನು ಮಾಡುವುದು ಎಷ್ಟೋ ಕಡೆ ವೇದಿಗೆ, ದೇವಾಲಯಕ್ಕೆ ಮೊದಲು ಮೋಶೆಯ ಕಾಲದಲ್ಲಿದ್ದ ಆರಾಧನೆಯ ಗುಡಾರಕ್ಕೆ, ಪವಿತ್ರಸ್ಥಾನಕ್ಕೆ. ಅಕ್ಕಾಡಿಯನ್ ಭಾಷೆಯಲ್ಲಿ ಇದರ ಬಂಧುಪದಕ್ಕೆ ಒರೆಸು ಎಂಬರ್ಥವಿದೆ. ‘ದೋಷಪರಿಹಾರ’ ಇದಕ್ಕೆ ತುಸು ಹತ್ತಿರ.

ಅರ್ಥ ತಿಳಿಯಲು ನನಗೆ ಕಂಡ ಸುಲಭ ದಾರಿ ಒಂದೇ: ರಕ್ತ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ಹಿಂಬಾಲಿಸುವುದು. ಯಾಜಕಕಾಂಡ 4ರಲ್ಲಿ ಸಾಮಾನ್ಯನೊಬ್ಬ ತಿಳಿಯದೆ ತಪ್ಪಿದಾಗ ಪಶುವಿನ ತಲೆಯ ಮೇಲೆ ಕೈಯಿಟ್ಟು ತಾನೇ ಅದನ್ನು ಕೊಯ್ಯುತ್ತಾನೆ. ಕೊಲ್ಲುವುದು ಯಾಜಕನ ಕೆಲಸವಲ್ಲ. ಅವನ ಕೆಲಸ ಶುರುವಾಗುವುದು ರಕ್ತ ಕೈಗೆ ಬಂದ ಮೇಲೆ. ಬೆರಳಿನಿಂದ ಹೊರಗಿನ ವೇದಿಯ ಮೂಲೆಗಳಲ್ಲಿರುವ ಕೊಂಬುಗಳಿಗೆ ಹಚ್ಚುತ್ತಾನೆ, ಉಳಿದದ್ದನ್ನು ವೇದಿಯ ಬುಡಕ್ಕೆ ಸುರಿಯುತ್ತಾನೆ. ತಪ್ಪಿದವನು ಮಹಾಯಾಜಕನೋ ಇಡೀ ಸಮುದಾಯವೋ ಆಗಿದ್ದರೆ ರಕ್ತ ಇನ್ನೂ ಒಳಕ್ಕೆ ಹೋಗುತ್ತದೆ: ಪರದೆಯ ಮುಂದೆ ಏಳು ಸಲ ಚಿಮುಕಿಸಿ, ಒಳಗಿನ ಧೂಪವೇದಿಯ ಕೊಂಬುಗಳಿಗೆ ಹಚ್ಚಬೇಕು. ತಪ್ಪಿದವನ ಮೈಗೆ ಮಾತ್ರ ಒಂದು ಹನಿಯೂ ಬೀಳುವುದಿಲ್ಲ. ಜೇಕಬ್ ಮಿಲ್ಗ್ರೋಮ್ ಎಂಬ ಯೆಹೂದಿ ವಿದ್ವಾಂಸರು ಇದನ್ನೇ ಹಿಡಿದು ವಾದ ಕಟ್ಟಿದರು. ಜನರ ತಪ್ಪು ದೂರದಿಂದಲೇ ದೇವಾಲಯಕ್ಕೆ ಮೆತ್ತಿಕೊಳ್ಳುತ್ತದೆ. ದೊಡ್ಡವರ ತಪ್ಪು ಹೆಚ್ಚು ಆಳಕ್ಕೆ ಇಳಿಯುತ್ತದೆ. ರಕ್ತ ಅದನ್ನು ತೊಳೆಯುವ ದ್ರವ್ಯ. ತೊಳೆದ ನೀರು ಕೊಳೆ ಹೀರಿಕೊಂಡಂತೆ ಆ ಬಲಿಯ ಮಾಂಸಕ್ಕೂ ಅದು ಅಂಟುತ್ತದೆ. ಅದನ್ನು ಬೇಯಿಸಿದ ಮಣ್ಣಿನ ಮಡಕೆಯನ್ನು ಒಡೆದುಹಾಕಬೇಕೆಂಬ ನಿಯಮ (6:28) ಆಗ ಅರ್ಥವಾಗುತ್ತದೆ.

ರಕ್ತಕ್ಕೆ ಈ ಶಕ್ತಿ ಬಂದದ್ದು ಹೇಗೆ? ಯಾಜಕಕಾಂಡ 17:11ರ ಉತ್ತರ: ದೇಹದ ‘ನೆಫೆಶ್’, ಅಂದರೆ ಪ್ರಾಣ, ಇರುವುದು ರಕ್ತದಲ್ಲಿ, ಅದನ್ನು ವೇದಿಗಾಗಿ ನಿಮಗೆ ಕೊಟ್ಟಿದ್ದೇನೆ. ಕೊಡುವವನು ಇಲ್ಲಿ ದೇವರು, ಮನುಷ್ಯನಲ್ಲ. ರಕ್ತ ಅಲ್ಲಿ ಸಾವಿನ ಗುರುತಲ್ಲ, ಸಾವಿನ ಕೊಳೆಗೆ ಎದುರಾಗಿ ಇಟ್ಟ ಜೀವ. ದೇವರು ಅದನ್ನು ಕುಡಿಯುವುದಿಲ್ಲ, ಜನರೂ ತಿನ್ನುವಂತಿಲ್ಲ. ಇಂದಿಗೂ ಕೋಷರ್, ಅಂದರೆ ಯೆಹೂದಿ ಆಹಾರನಿಯಮಕ್ಕೆ ಒಪ್ಪುವ ಮಾಂಸವನ್ನು ಅರ್ಧ ಗಂಟೆ ನೆನೆಸಿ, ಒಂದು ಗಂಟೆ ಉಪ್ಪು ಹಚ್ಚಿಟ್ಟು, ಮೂರು ಸಲ ತೊಳೆಯುವುದು ಇದೇ ಕಾರಣಕ್ಕೆ. ಮಿಲ್ಗ್ರೋಮ್ ಅವರನ್ನು ಎಲ್ಲರೂ ಒಪ್ಪಿಲ್ಲ, ಅದನ್ನೂ ಹೇಳಬೇಕು. ಪ್ರಾಣಕ್ಕೆ ಬದಲಾಗಿ ಕೊಡುವ ಈಡಿನ ಅರ್ಥ, ‘ಕೋಫೆರ್’, ಈ ವಾಕ್ಯದಲ್ಲಿ ಇಣುಕುತ್ತದೆ ಎನ್ನುವವರಿದ್ದಾರೆ. ಇರಬಹುದು. ಆದರೆ ವಿಮೋಚನಕಾಂಡ 30ರಲ್ಲಿ ಅಂಥ ಈಡು ತಲೆಗೆ ಅರ್ಧ ಶೆಕೆಲ್ ಬೆಳ್ಳಿಯಿಂದ ಸಲ್ಲುತ್ತದೆ, ರಕ್ತದಿಂದಲ್ಲ.

ಅತಿ ಹೆಚ್ಚು ಎಡವುವುದು ಯಾಜಕಕಾಂಡ 16ರಲ್ಲಿ, ಏಳನೆಯ ತಿಂಗಳ ಹತ್ತನೆಯ ದಿನದ ಯೋಮ್ ಕಿಪ್ಪುರ್ (ದೋಷಪರಿಹಾರದ ದಿನ) ವಿಧಿಯಲ್ಲಿ. ಅಲ್ಲಿ ಎರಡು ಹೋತಗಳಿವೆ, ಚೀಟಿ ಹಾಕಿ ಒಂದನ್ನು ಕರ್ತನಿಗೆ, ಇನ್ನೊಂದನ್ನು ಅಜಾಜೇಲನಿಗೆ (ಅಡವಿಯೊಡನೆ ಸೇರಿಬರುವ ಹೆಸರು) ಎಂದು ಆರಿಸುತ್ತಾರೆ. ಮಹಾಯಾಜಕ ನಾರುಬಟ್ಟೆ ಉಟ್ಟು, ಎರಡು ಬೊಗಸೆ ನುಣ್ಣನೆಯ ಧೂಪವನ್ನು ಕೆಂಡಕ್ಕೆ ಹಾಕಿ ಹೊಗೆಯ ಮರೆ ಮಾಡಿಕೊಳ್ಳುತ್ತಾನೆ. ಮರೆ ಇಲ್ಲದಿದ್ದರೆ ಸಾಯುತ್ತಾನೆ. ಮೊದಲು ತನಗಾಗಿ ಹೋರಿಯ ರಕ್ತ, ಆಮೇಲೆ ಜನರಿಗಾಗಿ ಮೊದಲ ಹೋತದ ರಕ್ತ, ಮಂಜೂಷದ ಮುಚ್ಚಳವಾದ ಕೃಪಾಸನಕ್ಕೂ ಅದರ ಮುಂದೆಯೂ. ಶುದ್ಧಿ ಒಳಗಿನಿಂದ ಹೊರಕ್ಕೆ ಬರುತ್ತದೆ: ಮಹಾಪವಿತ್ರಸ್ಥಾನ, ಗುಡಾರ, ಕೊನೆಗೆ ವೇದಿ. ಅದೆಲ್ಲ ಮುಗಿದ ಮೇಲಷ್ಟೇ ಎರಡನೆಯ ಹೋತದ ತಲೆಯ ಮೇಲೆ ಎರಡೂ ಕೈಯಿಟ್ಟು ಜನರ ಪಾಪಗಳನ್ನು ಅರಿಕೆಮಾಡಿ ಅದನ್ನು ಅಡವಿಗೆ ಅಟ್ಟುತ್ತಾನೆ. ಪಾಪ ಹೊತ್ತ ಪಶುವನ್ನು ವೇದಿಯಲ್ಲಿ ಕೊಯ್ಯುವುದಿಲ್ಲ. ಕೊಯ್ದ ಪಶುವಿನ ಮೇಲೆ ಪಾಪ ಹೊರಿಸುವುದಿಲ್ಲ. ಎರಡನ್ನೂ ಕಲಸಿ ಒಂದೇ ಹೋತ ಮಾಡಿದಾಗ ‘ಪಾಪಿಯ ಬದಲು ಪಶುವಿಗೆ ಮರಣದಂಡನೆ’ ಎಂಬ ಓದು ಹುಟ್ಟುತ್ತದೆ. ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದ ‘ಯೋಮಾ’ ಭಾಗ ಇನ್ನಷ್ಟು ಸೂಕ್ಷ್ಮಕ್ಕೆ ಇಳಿಯುತ್ತದೆ. ಮಹಾಯಾಜಕ ಧೂಪ ಹಾಕಿ ಬರುವಷ್ಟರಲ್ಲಿ ರಕ್ತ ಹೆಪ್ಪುಗಟ್ಟದಂತೆ ಅದನ್ನು ಕದಡುತ್ತಿರಲು ಒಬ್ಬನಿರಬೇಕು. ಚಿಮುಕಿಸುವಾಗ ಮೇಲ್ಮುಖವಾಗಿ ಒಂದು, ಕೆಳಮುಖವಾಗಿ ಏಳು. ಲೆಕ್ಕ ತಪ್ಪದಂತೆ “ಒಂದು, ಒಂದೂ ಒಂದು, ಒಂದೂ ಎರಡು” ಎಂದು ಎಣಿಸಬೇಕು.

ಐಗುಪ್ತದಿಂದ ಬಿಡುಗಡೆಯಾದ ರಾತ್ರಿ ಕೊಯ್ದ ಪಸ್ಕದ ಕುರಿಯನ್ನು ಇದಕ್ಕೆ ಸೇರಿಸಬೇಡಿ. ವಿಮೋಚನಕಾಂಡ 12ರಲ್ಲಿ ಬಾಗಿಲ ನಿಲುವಿಗೆ ಹಚ್ಚಿದ ರಕ್ತ ಕಾಪಾಡುವ ಗುರುತು, ಅಲ್ಲಿ ಪಾಪದ ಮಾತೇ ಇಲ್ಲ. ಸೀನಾಯಿ ಬೆಟ್ಟದ ಬಳಿ ಅರ್ಧ ವೇದಿಗೆ, ಅರ್ಧ ಜನರ ಮೇಲೆ ಎರಚಿದ್ದು ಒಡಂಬಡಿಕೆಯ ರಕ್ತ (24:6-8).

ಹೊಸ ಒಡಂಬಡಿಕೆ ಈ ಬೇರೆಬೇರೆ ಎಳೆಗಳನ್ನು ಯೇಸುವೊಬ್ಬನಲ್ಲಿ ಹೆಣೆಯುತ್ತದೆ. ಪೌಲನಿಗೆ ಅವನು ಪಸ್ಕದ ಕುರಿ (1 ಕೊರಿಂಥ 5:7). ಕಡೇ ಊಟದ ಪಾತ್ರೆಯ ಮಾತು ಸೀನಾಯಿಯ ಒಡಂಬಡಿಕೆಯ ರಕ್ತವನ್ನು ನೆನೆಸುತ್ತದೆ; ಅದಕ್ಕೆ ಪಾಪಕ್ಷಮೆಯನ್ನು ಜೋಡಿಸುವವನು ಮತ್ತಾಯ (26:28). ರಕ್ತ ಮುಟ್ಟದ ಜನರಿಗೆ ‘ಕುಡಿಯಿರಿ’ ಎಂಬ ಮಾತು ಎಷ್ಟು ಇರಿದಿರಬೇಕು! ಯೋಹಾನ 6ರಲ್ಲಿ ಶಿಷ್ಯರೇ ಇದು ಕಠಿಣ ಮಾತು ಎಂದು ಗೊಣಗುತ್ತಾರೆ. ರೋಮಾಪುರದವರಿಗೆ 3:25ರಲ್ಲಿ ಪೌಲ ಬಳಸುವ ‘ಹಿಲಾಸ್ತೇರಿಯೊನ್’, ಗ್ರೀಕ್ ಹಳೆಯ ಒಡಂಬಡಿಕೆಯಲ್ಲಿ ಕೃಪಾಸನಕ್ಕೆ ಇರುವ ಪದವೇ. ಇಬ್ರಿಯರಿಗೆ ಬರೆದವನಂತೂ ಹೋರಿ ಹೋತಗಳ ರಕ್ತ ಪಾಪ ಕಳೆಯಲಾರದು ಎಂದುಬಿಟ್ಟು (10:4), ಕ್ರಿಸ್ತ ತನ್ನ ಸ್ವಂತ ರಕ್ತದೊಡನೆ ಪರಲೋಕದ ಪವಿತ್ರಸ್ಥಾನಕ್ಕೆ ಒಂದೇ ಸಲ ಹೊಕ್ಕನು ಎನ್ನುತ್ತಾನೆ. ಅವನ ಕಣ್ಣು ಕೊಯ್ಯುವ ಕ್ಷಣದ ಮೇಲಷ್ಟೇ ಇಲ್ಲ, ಒಳಗೆ ಹೋಗುವುದರ ಮೇಲಿದೆ. ದೇವರ ಮಾನಕ್ಕೆ ಆದ ನಷ್ಟವನ್ನು ತುಂಬಿಕೊಡುವ ಲೆಕ್ಕಾಚಾರ ಗಟ್ಟಿಯಾದದ್ದು ಸಾವಿರ ವರ್ಷಗಳ ಮೇಲೆ, 1098ರ ಹೊತ್ತಿಗೆ ಬರೆದು ಮುಗಿಸಿದ ಕ್ರೈಸ್ತ ಚಿಂತಕ ಆನ್ಸೆಲ್ಮನ ಪುಸ್ತಕದಲ್ಲಿ. ಅದನ್ನು ದಂಡನೆಯ ಭಾಷೆಗೆ ತಿರುಗಿಸಿದವರು 16ನೆಯ ಶತಮಾನದ ಸುಧಾರಕರು. ಇವು ಚರ್ಚಿನ ಚಿಂತನೆಗಳು, ಬೆಲೆಯುಳ್ಳವೇ. ಆದರೆ ಅವನ್ನು ಮೋಶೆಯ ಗುಡಾರದೊಳಗೆ ಹೊತ್ತೊಯ್ದು ಓದಬಾರದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಸುಟ್ಟ ಮೇಲೆ ಯೆಹೂದ್ಯರ ಬಲಿ ನಿಂತಿತು. ಶಿಷ್ಯನೊಬ್ಬ ಆ ಪಾಳನ್ನು ಕಂಡು ಅತ್ತಾಗ ಗುರು ಯೋಹಾನಾನ್ ಬೆನ್ ಜಕ್ಕಾಯ್, ದಯೆಯ ಕೆಲಸವೂ ಅಷ್ಟೇ ಸಮರ್ಥವಾದ ಪರಿಹಾರ ಎಂದು ಹೋಶೇಯ 6:6ನ್ನು ತೋರಿಸಿದರೆಂದು ಪರಂಪರೆ ಹೇಳುತ್ತದೆ. ಯೋಮ್ ಕಿಪ್ಪುರ್‌ಗೆ ಮುಂಚೆ ಕೆಲವರು ತಲೆಯ ಸುತ್ತ ಕೋಳಿ ನಿವಾಳಿಸುವ ಚಿತ್ರ ನೋಡಿದ್ದರೆ ಅದು ಬಲಿಯಲ್ಲ, ನಂತರದ ರೂಢಿ. ಯೋಸೆಫ್ ಕಾರೊ ಅಂಥ ಶಾಸ್ತ್ರಕಾರರೇ ಅದನ್ನು ತಡೆಯಬೇಕೆಂದರು, ಈಗ ಹಲವರು ಹಣ ನಿವಾಳಿಸಿ ದಾನ ಮಾಡುತ್ತಾರೆ. ನಡೆಯಬೇಕಾದದ್ದು ‘ತೆಷುವಾ’, ತಪ್ಪನ್ನು ಬಿಟ್ಟು ತಿರುಗುವುದು. ನೆರೆಯವನಿಗೆ ಮಾಡಿದ ತಪ್ಪನ್ನು ಅವನು ಒಲಿಯುವವರೆಗೆ ಯೋಮ್ ಕಿಪ್ಪುರ್ ಕೂಡ ಕಳೆಯದು ಎನ್ನುತ್ತದೆ ಯೋಮಾ 8:9. ಹನ್ನೆರಡನೆಯ ಶತಮಾನದ ಯೆಹೂದಿ ಶಾಸ್ತ್ರಕಾರ ಮೈಮೊನಿಡೀಸ್ ಇದಕ್ಕೆ ಕ್ರಮ ಬರೆದಿಟ್ಟಿದ್ದಾರೆ: ಅವನು ಒಪ್ಪದಿದ್ದರೆ ಅವನದೇ ಸ್ನೇಹಿತರು ಮೂವರನ್ನು ಕರೆದುಕೊಂಡು ಹೋಗಿ ಬೇಡಬೇಕು, ಹೀಗೆ ಮೂರು ಸಲ. ಅವನು ಸತ್ತುಹೋಗಿದ್ದರೆ ಹತ್ತು ಜನರನ್ನು ಸಮಾಧಿಗೆ ಕರೆದೊಯ್ದು ಅವರೆದುರು ತಪ್ಪೊಪ್ಪಿಕೊಳ್ಳಬೇಕು. ಬಾಕಿ ಹಣವಿದ್ದರೆ ವಾರಸುದಾರರಿಗೆ ಕೊಡಬೇಕು. ವಾರಸುದಾರರು ಗೊತ್ತಿಲ್ಲದಿದ್ದರೆ ನ್ಯಾಯಸಭೆಯಲ್ಲಿ ಇಡಬೇಕು.

ಸಂಪಾದಕ