ಹೆಸರು ತಿದ್ದಿದರೆ ಅಡಿಕೆ ತೂಕ ಇಳಿಯಿತು!

ಪ್ರಶ್ನೆ: ಶಿರಸಿ ಹತ್ತಿರದ ಸಣ್ಣ ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಹಳೇ ಪ್ರೋಗ್ರಾಂ ಅಡಿಕೆ ಲೆಕ್ಕವನ್ನು ಟೆಕ್ಸ್ಟ್ ಫೈಲಿನಿಂದ ಓದುತ್ತದೆ. ಸದಸ್ಯರೊಬ್ಬರ ಹೆಸರು ಇಂಗ್ಲಿಷಿನಲ್ಲಿ ‘ಹೆಗ್ಡೆ’ ಎಂದಿತ್ತು. ‘ಹೆಗಡೆ’ ಆಗಲಿ ಎಂದು ನೋಟ್‌ಪ್ಯಾಡ್‌ನಲ್ಲಿ ತೆರೆದು ನಡುವೆ ಒಂದು ‘ಎ’ ಸೇರಿಸಿದೆ. ಅವರ 245.50 ಕೆಜಿ ರಾಶಿ ಈಗ 24.55 ಎಂದು ತೋರಿಸುತ್ತಿದೆ. ಅಡಿಕೆ ರಾಶಿಯೋ (ಬೇಯಿಸಿ ಒಣಗಿಸಿದ್ದು) ಚಾಲಿಯೋ (ಬೇಯಿಸದೆ ಒಣಗಿಸಿದ್ದು) ಅನ್ನುವುದೂ ಬರುತ್ತಿಲ್ಲ. ಉಳಿದವರದ್ದು ಸರಿ ಇದೆ. ಸಾಲಿನ ಅಳತೆ: ಸಂಖ್ಯೆ 1–6, ಹೆಸರು 7–36, ಊರು 37–51, ತೂಕ 52–59, ಅಡಿಕೆಯ ವಿಧ 60. ಇನ್ನೊಂದು ಮಾತು, ಹೆಸರುಗಳನ್ನು ಕನ್ನಡದಲ್ಲೇ ಹಾಕಬಹುದಾ?
— ಓದುಗರೊಬ್ಬರು, ಶಿರಸಿ

ಉತ್ತರ: ಅಳತೆ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನಾನೂ ಸುಮ್ನೆ ಊಹಿಸಬೇಕಿತ್ತು.

ಈ ಪ್ರೋಗ್ರಾಂ ಪಂಕ್ತಿಯಲ್ಲಿ ಬಡಿಸುವವನ ಹಾಗೆ. ಎಲೆಯ ಮುಂದೆ ಯಾರಿದ್ದಾರೆ ಎಂದು ತಲೆ ಎತ್ತಿ ನೋಡುವುದಿಲ್ಲ. ಇಂಗ್ಲಿಷಿನ ಒಂದು ಅಕ್ಷರ ಕೂರುವ ಜಾಗವೇ ಒಂದು ಬೈಟು. 52ನೇ ಬೈಟಿನಿಂದ ಎಂಟು ಬೈಟು ತೂಕ ಅಂದರೆ ಮುಗಿಯಿತು. ಅಲ್ಲಿ 00024550 ಇತ್ತು. ಚುಕ್ಕಿ ಬರೆದಿರುವುದಿಲ್ಲ, ಕೊನೆಯ ಎರಡು ಅಂಕೆ ದಶಮಾಂಶ ಎಂದು ಪ್ರೋಗ್ರಾಂಗೆ ಗೊತ್ತು. ನಿಮ್ಮ ‘ಎ’ ಎಲ್ಲವನ್ನೂ ಒಂದು ಜಾಗ ಬಲಕ್ಕೆ ತಳ್ಳಿತು. ಊರಿನ ಹೆಸರು ಮುಗಿದ ಮೇಲಿದ್ದ ಖಾಲಿ ಸ್ಪೇಸ್ 52ಕ್ಕೆ ಬಂತು. ತೂಕದಲ್ಲಿ 0002455 ಉಳಿಯಿತು. ಕೊನೆಯ ಸೊನ್ನೆ 60ಕ್ಕೆ ಹೋಗಿ ಕೂತಿತು, ರಾಶಿಯ ಗುರುತು 61ಕ್ಕೆ ಜಾರಿತು. ಪ್ರತಿ ಸಾಲಿನ ಕೊನೆಗೂ ಎಂಟರ್ ಇರುವುದರಿಂದ ಉಳಿದವರು ಬಚಾವ್. ಎಂಟರ್ ಇಲ್ಲದೆ ಒಂದಕ್ಕೊಂದು ಅಂಟಿಕೊಂಡ ಫೈಲುಗಳೂ ಇವೆ. ಅದಾಗಿದ್ದರೆ ಅವರ ನಂತರದ ಅಷ್ಟೂ ಜನರ ತೂಕ ಕೆಡುತ್ತಿತ್ತು.

ಈಗ ಮಾಡಬೇಕಾದ್ದು ಇಷ್ಟೇ: ಸದಸ್ಯರ ಹೆಸರು ಮುಗಿದ ಮೇಲಿರುವ ಒಂದು ಸ್ಪೇಸ್ ಅಳಿಸಿ. ಇನ್ನು ಮುಂದೆ ನೋಟ್‌ಪ್ಯಾಡ್ ಬಿಟ್ಟು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಳಸಿ. ಇನ್ಸರ್ಟ್ ಕೀಲಿ ಒತ್ತಿದರೆ ಹೊಸ ಅಕ್ಷರ ಹಳೆಯದರ ಮೇಲೇ ಬೀಳುತ್ತದೆ, ಯಾವುದೂ ಸರಿಯುವುದಿಲ್ಲ. ‘ಜಿ’ ಆದ ಮೇಲೆ ಕರ್ಸರ್ ಇಟ್ಟು ‘ಎ, ಡಿ, ಇ’ ಹೊಡೆದರೆ ಕೊನೆಯ ‘ಇ’ ಖಾಲಿ ಸ್ಪೇಸ್ ಮೇಲೆ ಬೀಳುತ್ತದೆ. ಟ್ಯಾಬ್ ಕೀಲಿಯ ತಂಟೆಗೆ ಹೋಗಬೇಡಿ. ಕಣ್ಣಿಗೆ ಅಗಲವಾಗಿ ಕಂಡರೂ ಅದು ಒಂದೇ ಬೈಟು. ಎಕ್ಸೆಲ್‌ನಲ್ಲಂತೂ ತೆರೆಯಲೇಬೇಡಿ, ಮುಂದಿನ ಸೊನ್ನೆಗಳನ್ನು ತಿಂದುಹಾಕುತ್ತದೆ.

ಕಾರವಾರದಲ್ಲಿ ಕೋಬಾಲ್ ಎಂಬ ಹಳೇ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಾಗ ನಾನು ತಿದ್ದುವ ಮೊದಲೂ ಆಮೇಲೂ ಫೈಲಿನ ಸೈಜ್ ನೋಡುತ್ತಿದ್ದೆ. ಈಗಲೂ ಬೇರೆ ಯಾವ ಪರೀಕ್ಷೆಗಿಂತ ಇದನ್ನೇ ಜಾಸ್ತಿ ನಂಬುತ್ತೇನೆ. ನಿಮ್ಮ ಸಾಲು 60 ಬೈಟು. ವಿಂಡೋಸ್‌ನಲ್ಲಿ ಎಂಟರ್‌ಗೆ 2. ಸದಸ್ಯರು 500 ಇದ್ದರೆ ಸರಿಯಾಗಿ 31,000 ಬರಬೇಕು. 31,001 ಬಂದರೆ ಎಲ್ಲೋ ಒಂದು ಅಕ್ಷರ ನುಗ್ಗಿದೆ. ಮೊದಲು ಒಂದು ಕಾಪಿ ಇಟ್ಟುಕೊಳ್ಳಿ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಇನ್ನು ಕನ್ನಡದ ವಿಷಯ. ಸದ್ಯಕ್ಕೆ ಬೇಡ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟು, ಕನ್ನಡದ್ದಕ್ಕೆ 3. ಅದೂ ನಾವು ಎಣಿಸುವ ಹಾಗಲ್ಲ. ಕೊಂಬು, ಗುಡಿಸು, ಏತ್ವ, ಒತ್ತಿಗೆ ಬೇಕಾದ ವಿರಾಮ (‘್’ ಗುರುತು), ಎಲ್ಲವೂ ಬೇರೆ ಬೇರೆ. ‘ಹೆಗಡೆ’ 15 ಬೈಟು. ನೋಡಲು ಅದಕ್ಕಿಂತ ಚಿಕ್ಕದಾದ ‘ಹೆಗ್ಡೆ’ 18! ‘ಗಣಪತಿ ಹೆಗಡೆ’ ಎಂದು ಬರೆದರೆ ಸ್ಪೇಸ್ ಸೇರಿ 31. ನಿಮ್ಮಲ್ಲಿರುವುದು 30. ಕೊನೆಯ ಏತ್ವದ ಮೂರನೇ ಬೈಟು ಊರಿನ ಜಾಗಕ್ಕೆ ನುಗ್ಗುತ್ತದೆ. ತೆರೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯೋ ಚೌಕವೋ ಕಾಣಬಹುದು.

ಕನ್ನಡ ಬೇಕೇ ಬೇಕು ಎಂದರೆ ಪ್ರೋಗ್ರಾಂ ಮಾಡಿಕೊಟ್ಟವರನ್ನು ಹಿಡಿದು ಹೆಸರಿನ ಜಾಗವನ್ನು 90 ಬೈಟು ಮಾಡಿಸಿ. ಊರಿನದ್ದನ್ನೂ ಮರೆಯಬೇಡಿ. ಈಗಿನ 15 ಬೈಟಿನಲ್ಲಿ ‘ಶಿರಸಿ’ ಸರಿಯಾಗಿ ಹಿಡಿಸುತ್ತದೆ. ‘ಸಿದ್ದಾಪುರ’ಕ್ಕೆ 27 ಬೇಕು.